ಕಪ್ಪೆಚಿಪ್ಪೂ ಕಾಗೆಬಂಗಾರವೂ

ಅಭ್ರಕಕ್ಕೆ ಕನ್ನಡದಲ್ಲಿ ಕಾಗೆಬಂಗಾರವೆಂಬ ಹೆಸರುಂಟು. ಥಳಥಳಿಸುವುದಾದರೂ ಬೆಲೆಯಿಲ್ಲದ ವಸ್ತುವೆಂಬ ತಾತ್ಸಾರವು ಆ ಹೆಸರಿನಲ್ಲಿಯೇ ಅಡಗಿರುವುದು. ನಿಜವಾದ ಬಂಗಾರವನ್ನು ಸುಮಾರು ನೂರಿಪ್ಪತ್ತು ವರ್ಷಗಳ ಕಾಲ ಭೂಗರ್ಭದಿಂದ ಎತ್ತಿ ತೆಗೆದ ನಮ್ಮ ಕೋಲಾರ ಚಿನ್ನದ ಗಣಿಗಳ ಸೀಮೆಯಲ್ಲಿ ಈ ತಾತ್ಸಾರವು ಮತ್ತಷ್ಟು ಹೆಚ್ಚಾಗಿದ್ದುದು ಸಹಜವೇ ಸರಿ. ಆದರೂ ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ನಾವು ಬಂಗಾರವನ್ನು ಬಿಟ್ಟು ಕಾಗೆಬಂಗಾರವನ್ನೂ, ಅದರ ಜೊತೆಗೆ ನಮ್ಮ ಕೆರೆಗಳ ಕಪ್ಪೆಚಿಪ್ಪನ್ನೂ ಆರಿಸಿಕೊಂಡೆವು. ಇವೆರಡರಿಂದ ವಿಜ್ಞಾನಿಗಳು ಇತ್ತೀಚೆಗೆ ಕಲಿತಿರುವ ಪಾಠವೊಂದುಂಟು. ಅದು ನಮ್ಮ ವಿದ್ಯಾರ್ಥಿನಿಯರಿಗೆ ತಿಳಿದಿರತಕ್ಕದ್ದೆಂದು ನಮ್ಮ ನಂಬುಗೆ.

ನಾವು ಈ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲೊಬ್ಬರು. ಈಗ ಇಲ್ಲಿಯೇ ವಿಜ್ಞಾನವನ್ನು ಬೋಧಿಸುತ್ತಿರುವೆವು. ನಮ್ಮ ತಂದೆಯವರು ಗಣಿಯಲ್ಲಿ ಕೆಲಸ ಮಾಡಿದವರು. ಜಾನ್ ಟೇಲರ್ ಕಂಪೆನಿಯವರು 1880ರಲ್ಲಿ ಇಲ್ಲಿ ಕಾಲಿಟ್ಟಂದಿನಿಂದ 2001ನೆಯ ಇಸವಿಯ ಫೆಬ್ರವರಿ 28ರಂದು ಗಣಿಗಳು ಮುಚ್ಚುವವರೆಗೆ, ಈ ಊರಿನ ಸಂಸಾರಗಳೆಲ್ಲವೂ ಕಲ್ಲನ್ನು ನಂಬಿಯೇ ಬದುಕಿದವು. ಚಾಂಪಿಯನ್ ರೀಫ್ ಗಣಿಯು ನೆಲದಿಂದ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಮೇಲಿನ ನೆಲದ ಭಾರವನ್ನೆಲ್ಲ ಹೊತ್ತ ಕಲ್ಲು ಎಷ್ಟೇ ಕಠಿಣವಾಗಿದ್ದರೂ, ಒಂದು ಮಿತಿಯನ್ನು ಮೀರಿದೊಡನೆ ಸೂಚನೆಯನ್ನೇ ಕೊಡದೆ ಸಿಡಿಯುತ್ತಿತ್ತು. ಅದನ್ನು ‘ರಾಕ್ ಬರ್ಸ್ಟ್’ ಎಂದು ಕರೆಯುತ್ತಿದ್ದರು. ಆ ಮಾತು ಇಂಗ್ಲಿಷನ್ನು ಅರಿಯದ ಮನೆಗಳಲ್ಲಿಯೂ ತಿಳಿದ ಮಾತಾಗಿತ್ತು. ಮೇಲೆ ಮನೆಯ ಪಾತ್ರೆಗಳು ಅದುರಿದರೆ, ಕೆಳಗೆ ಪಾಳಿಯಲ್ಲಿರುವವರು ಯಾರೆಂದು ಹೆಂಗಸರು ಎಣಿಸುತ್ತಿದ್ದರು. ಕಾಠಿನ್ಯವೇ ಬೇರೆ, ತಾಳಿಕೆಯೇ ಬೇರೆ ಎಂಬುದನ್ನು ನಮ್ಮೂರಿನವರು ಪುಸ್ತಕವಿಲ್ಲದೆಯೇ ಕಲಿತವರು. ಕಠಿಣವಾದ ವಸ್ತುವಿನ ಮೇಲೆ ಗೀರು ಮೂಡಿಸುವುದು ಕಷ್ಟ. ಆದರೆ ಅದರಲ್ಲಿ ಒಂದು ಬಿರುಕು ಹುಟ್ಟಿದರೆ ಅದು ನೇರವಾಗಿ ಓಡಿಬಿಡುವುದು. ತಾಳಿಕೆಯುಳ್ಳ ವಸ್ತುವಿನಲ್ಲಾದರೋ ಬಿರುಕು ಹುಟ್ಟಿದರೂ ಓಡಲಾರದು.

ಈ ಎರಡು ಗುಣಗಳೂ ಒಂದೇ ವಸ್ತುವಿನಲ್ಲಿ ಸೇರಿರುವುದನ್ನು ನೋಡಬೇಕಾದರೆ ಬೇತಮಂಗಲದ ಕೆರೆಯ ದಂಡೆಗೆ ಹೋದರೆ ಸಾಕು. ನೀರು ಹಿಂಜರಿದ ದಿನಗಳಲ್ಲಿ ಅಲ್ಲಿಯ ಕೆಸರಿನಲ್ಲಿ ಕಪ್ಪೆಚಿಪ್ಪುಗಳು ಸಿಕ್ಕುವುವು. ಹೊರಮೈ ಕಂದು, ಒರಟು. ಒಳಮೈ ಮಾತ್ರ ಬೆಳ್ಳಗೆ ಹೊಳೆಯುತ್ತ, ಓರೆಯಾಗಿ ಹಿಡಿದರೆ ನಸುಗೆಂಪು, ಹಸಿರು ಬಣ್ಣಗಳನ್ನು ಬೀರುವುದು. ಹಳೆಯ ಮನೆಗಳಲ್ಲಿ ಹಾಲಿನ ಪಾತ್ರೆಯ ತಳವನ್ನು ಕೆರೆಯುವುದಕ್ಕೆ ಇದನ್ನೇ ಇಟ್ಟುಕೊಂಡಿರುತ್ತಿದ್ದರು. ಸಮುದ್ರದ ಮುತ್ತಿನ ಚಿಪ್ಪಿನ ಒಳಮೈಯೂ ಇದೂ ಒಂದೇ ಬಗೆಯ ರಚನೆಯವು.

ಈ ಒಳಮೈಯಲ್ಲಿ ತೂಕದ ಲೆಕ್ಕದಲ್ಲಿ ನೂರಕ್ಕೆ ಸುಮಾರು 95 ಪಾಲು ಇರುವುದು ಕ್ಯಾಲ್ಸಿಯಂ ಕಾರ್ಬೊನೇಟು. ಸೀಮೆಸುಣ್ಣದ ಕಲ್ಲೂ ಅಮೃತಶಿಲೆಯೂ ಇದೇ ಪದಾರ್ಥದಿಂದ ಆದವುಗಳೆಂಬುದನ್ನು ನೆನೆದರೆ ಇದರಲ್ಲಿ ವಿಶೇಷವೇನೂ ತೋರದು. ಉಳಿದ ಸುಮಾರು 5 ಪಾಲು ಪ್ರೋಟೀನು ಮತ್ತು ಕೈಟಿನ್ ಎಂಬ ಮೆದುವಾದ ಜೀವಪದಾರ್ಥಗಳು. ಸುಣ್ಣದ ಭಾಗವು ಒಂದೇ ಗಟ್ಟಿಯಾಗಿರದೆ, ಒಂದು ಮಿಲಿಮೀಟರಿನ ಎರಡು ಸಾವಿರದಲ್ಲೊಂದು ಭಾಗದಷ್ಟು ದಪ್ಪವುಳ್ಳ ಬಿಲ್ಲೆಗಳಾಗಿ ಹಂಚಿಹೋಗಿರುವುದು. ಪ್ರತಿಯೊಂದು ಬಿಲ್ಲೆಯೂ ತನ್ನ ದಪ್ಪಕ್ಕಿಂತ ಹತ್ತು ಹದಿನೈದು ಪಟ್ಟು ಅಗಲ. ಬಿಲ್ಲೆಗೂ ಬಿಲ್ಲೆಗೂ ನಡುವೆ ಆ ಮೆದು ಪದಾರ್ಥದ ಅತಿ ತೆಳುವಾದ ಅಂಟು. ಇಷ್ಟೇ ಇದರ ಗುಟ್ಟು. ಆದರೆ ಇದನ್ನು ಮುರಿಯುವುದಕ್ಕೆ, ಒಳಗಿರುವ ಖನಿಜವೊಂದನ್ನೇ ಮುರಿಯುವುದಕ್ಕಿಂತ ಸುಮಾರು 3,000 ಪಟ್ಟಿನವರೆಗೆ ಹೆಚ್ಚು ಶಕ್ತಿಯನ್ನು ವ್ಯಯಮಾಡಬೇಕಾಗುವುದೆಂದು ತಜ್ಞರು ಲೆಕ್ಕಹಾಕಿರುವರು.

ಇದು ಹೇಗೆಂಬುದನ್ನು ತಿಳಿಯುವುದಕ್ಕೆ ಗಾರೆಕೆಲಸದವರನ್ನು ಕೇಳಬೇಕು. ಇಟ್ಟಿಗೆಯ ಗೋಡೆಯನ್ನು ಕಟ್ಟುವಾಗ ಸಂದಿನ ಮೇಲೆ ಸಂದು ಬರಕೂಡದೆಂಬುದು ಅವರ ಮೊದಲನೆಯ ನಿಯಮ. ಕೆಳಗಿನ ಎರಡು ಇಟ್ಟಿಗೆಗಳ ಸಂದಿನ ಮೇಲೆ ಮೇಲಿನ ಇಟ್ಟಿಗೆಯ ನಡುಭಾಗವು ಕುಳಿತಿರಬೇಕು. ಚಿಪ್ಪಿನಲ್ಲಿಯೂ ಹಾಗೆಯೇ. ಬಿರುಕೊಂದು ಒಂದು ಸಂದಿನಲ್ಲಿ ಇಳಿದರೆ ಮರುಕ್ಷಣವೇ ಅಗಲವಾದ ಬಿಲ್ಲೆಯೊಂದು ಅಡ್ಡವಾಗುವುದು. ಆಗ ಅದು ಪಕ್ಕಕ್ಕೆ ಹೊರಳಿ ಅಂಟಿನ ದಾರಿಯನ್ನು ಹಿಡಿಯಬೇಕು. ಅಲ್ಲಿ ಅಂಟು ಎಳೆಯಾಗಿ ಹಿಗ್ಗುವುದು, ಬಿಲ್ಲೆಗಳು ಒಂದರ ಮೇಲೊಂದು ತುಸು ಜಾರುವುವು, ಅವುಗಳ ಒರಟು ಮೈಗಳು ಒಂದನ್ನೊಂದು ತಡೆಯುವುವು. ಹೀಗೆ ತಿರುವು ತಿರುವಿನಲ್ಲಿಯೂ ಬಿರುಕಿನ ಬಲವು ಸೋರಿಹೋಗುವುದು. ಬಿಲ್ಲೆಯು ಅಗಲವಾಗಿರುವುದರಿಂದ ಅಂಟಿಗೆ ಹಿಡಿದುಕೊಳ್ಳಲು ಹೆಚ್ಚು ಸ್ಥಳ ದೊರೆಯುವುದು. ತೆಳುವಾಗಿರುವುದರಿಂದ ಅದರೊಳಗೆ ದೊಡ್ಡ ದೋಷವು ಅಡಗಿಕೊಂಡಿರಲು ಎಡೆಯೇ ಇಲ್ಲ.

ಇನ್ನು ಕಾಗೆಬಂಗಾರದ ವಿಚಾರ. ಇದು ಪ್ರಕೃತಿಯೇ ಹಾಳೆಹಾಳೆಯಾಗಿ ಜೋಡಿಸಿಟ್ಟ ಖನಿಜ. ಸೂಜಿಯ ಮೊನೆಯನ್ನು ಅಂಚಿಗೆ ತಾಗಿಸಿದರೆ ಪುಟ ಬಿಡಿಸಿದಂತೆ ಬಿಚ್ಚಿಕೊಳ್ಳುವುದು. ಕಣ್ಣಿಗೆ ಅತಿ ತೆಳುವೆಂದು ತೋರುವ ಒಂದು ಪುಟದಲ್ಲಿಯೂ, ಅದು ಮಿಲಿಮೀಟರಿನ ನೂರರಲ್ಲೊಂದು ಭಾಗದಷ್ಟು ದಪ್ಪವಿದ್ದರೆ, ಸುಮಾರು ಹತ್ತು ಸಾವಿರ ಪದರಗಳಿರುವುವು. ಏಕೆಂದರೆ ಒಂದು ಪದರದ ದಪ್ಪವು ಒಂದು ನ್ಯಾನೋಮೀಟರು, ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ ಮಾತ್ರ. ಇದರ ಮೂಲಕ ವಿದ್ಯುತ್ತು ಹರಿಯದು. ಕಾವಿಗೂ ಇದು ಬೆದರದು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರು ದೂರ ತಂತಿಯನ್ನೆಳೆದು ನಮ್ಮ ಗಣಿಗಳಿಗೆ ವಿದ್ಯುಚ್ಛಕ್ತಿಯನ್ನು ತಂದ ಕಾಲದಲ್ಲಿ, ಲೋಕದ ದೊಡ್ಡ ವಿದ್ಯುದ್ಯಂತ್ರಗಳಲ್ಲಿ ತಂತಿಗೂ ಕಬ್ಬಿಣಕ್ಕೂ ನಡುವೆ ಅಡ್ಡಗೋಡೆಯಾಗಿ ಇಡುತ್ತಿದ್ದುದು ಈ ಕಾಗೆಬಂಗಾರವನ್ನೇ. ದೊಡ್ಡ ಹಾಳೆಗಳು ದುಬಾರಿಯಾದ್ದರಿಂದ ಸಣ್ಣ ಚೂರುಗಳನ್ನು ಒಂದರ ಮೇಲೊಂದು ಹರಡಿ ಅರಗಿನ ಅಂಟಿನಿಂದ ಕೂಡಿಸಿ, ಕಾಯಿಸಿ ಒತ್ತುತ್ತಿದ್ದರು. ಕಪ್ಪೆಚಿಪ್ಪಿನ ವಿದ್ಯೆಯನ್ನು ಮನುಷ್ಯನು ತನಗರಿವಿಲ್ಲದೆಯೇ ಅನುಕರಿಸಿದ್ದನೆಂದು ಹೇಳಬಹುದು.

ಹೋದ ವರ್ಷ ಹತ್ತನೆಯ ತರಗತಿಯ ಮಕ್ಕಳೊಡನೆ ನಾವು ಇದನ್ನು ಪರೀಕ್ಷಿಸಿ ನೋಡಿದೆವು. ರಾಬರ್ಟ್‌ಸನ್‌ಪೇಟೆಯಲ್ಲಿ ವಿದ್ಯುತ್ ಇಸ್ತ್ರಿಪೆಟ್ಟಿಗೆಗಳನ್ನು ರಿಪೇರಿ ಮಾಡುವ ಅಂಗಡಿಯವರು, ಹಳೆಯ ಪೆಟ್ಟಿಗೆಗಳೊಳಗಿನ ಕಾಗೆಬಂಗಾರದ ತಗಡುಗಳನ್ನು ಬೆಲೆಯನ್ನು ಕೇಳದೆಯೇ ಒಂದು ಕಾಗದದಲ್ಲಿ ಕಟ್ಟಿಕೊಟ್ಟರು. ಧೂಳು ಏಳದಂತೆ ಅವುಗಳನ್ನು ನೀರಿನಲ್ಲಿ ನೆನೆಯಿಟ್ಟು, ಮಕ್ಕಳು ಸೂಜಿಯಿಂದ ಪುಟಪುಟವಾಗಿ ಬಿಡಿಸಿದರು. ಜೆಲಾಟಿನನ್ನು ಬಿಸಿನೀರಿನಲ್ಲಿ ಕರಗಿಸಿ ನಾಲ್ಕು ಗಾಜಿನ ತಟ್ಟೆಗಳಲ್ಲಿ ಹರಡಿದೆವು. ಮೊದಲನೆಯದರಲ್ಲಿ ಜೆಲಾಟಿನು ಮಾತ್ರ. ಎರಡನೆಯದರಲ್ಲಿ ಕಾಗೆಬಂಗಾರದ ಒರಟು ಚೂರುಗಳನ್ನು ಮನಬಂದಂತೆ ಕಲಕಿದೆವು. ಮೂರನೆಯದರಲ್ಲಿ ತೆಳುಪುಟಗಳನ್ನು ಚಪ್ಪಟೆಯಾಗಿ ಇರಿಸಿ, ಮೇಲೊಂದು ತೆಳುವಾದ ಜೆಲಾಟಿನ ಲೇಪ, ಅದು ಆರಿದ ಮೇಲೆ ಮತ್ತೆ ಪುಟಗಳು, ಹೀಗೆ ಏಳು ಸಾಲು ಹಾಕಿದೆವು. ನಾಲ್ಕನೆಯದರಲ್ಲಿ ಬೇಕೆಂದೇ ಪುಟಗಳನ್ನು ಬಹಳವಾಗಿಯೂ ಅಂಟನ್ನು ಅತ್ಯಲ್ಪವಾಗಿಯೂ ಇಟ್ಟೆವು.

ಎಲ್ಲವೂ ಒಣಗಿದ ಬಳಿಕ ಸುಲಿದು ತೆಗೆದು, ಪ್ರತಿಯೊಂದರ ಅಂಚಿನಲ್ಲಿಯೂ ಕತ್ತರಿಯಿಂದ ಒಂದು ಸೀಳನ್ನು ಮಾಡಿ, ಎರಡು ಕಡೆಯಿಂದ ಎಳೆದು ನೋಡಿದೆವು. ಮೊದಲನೆಯದು ಸೀಳಿದಲ್ಲಿಂದ ನೇರವಾಗಿ ಹರಿಯಿತು. ಎರಡನೆಯದು ಅದಕ್ಕೂ ಬೇಗನೆ ಚೂರಾಯಿತು. ಒರಟು ಚೂರಿನ ಒಂದೊಂದು ಮೂಲೆಯೂ ಒಂದೊಂದು ಹೊಸ ಬಿರುಕಿಗೆ ತವರಾಗಿತ್ತು. ನಾಲ್ಕನೆಯದು ಹಳೆಯ ಪುಸ್ತಕದಂತೆ ಪುಟಪುಟವಾಗಿ ಬಿಚ್ಚಿಹೋಯಿತು. ಮೂರನೆಯದರಲ್ಲಿ ಮಾತ್ರ ಸೀಳು ಸ್ವಲ್ಪ ದೂರ ಹೋಗಿ, ಪಕ್ಕಕ್ಕೆ ಹೊರಳಿ, ಮತ್ತೊಂದೆಡೆ ತಡೆದು, ಅಲ್ಲಿಯೇ ನಿಂತುಬಿಟ್ಟಿತು. ಎರಡನೆಯದಕ್ಕೂ ಮೂರನೆಯದಕ್ಕೂ ಬಳಸಿದ ವಸ್ತುಗಳು ಅವೇ ಎರಡು. ಭೇದವಿದ್ದುದು ತೆಳುವಿನಲ್ಲಿ ಮತ್ತು ಜೋಡಣೆಯಲ್ಲಿ.

ಆಗ ಹಿಂದಿನ ಬೆಂಚಿನಲ್ಲಿದ್ದ ಒಬ್ಬ ಹುಡುಗಿಯು ಎದ್ದುನಿಂತು, “ಟೀಚರ್, ಗಟ್ಟಿಯಾದದ್ದಕ್ಕೆ ಮೆತ್ತಗಿರುವುದನ್ನು ಸೇರಿಸಿದರೆ ಗಟ್ಟಿತನ ಕಡಿಮೆಯಾಗಬೇಕಲ್ಲವೆ? ಹೆಚ್ಚುವುದು ಹೇಗೆ?” ಎಂದು ಕೇಳಿದಳು. ನಾವು ಕೂಡಲೇ ಉತ್ತರವನ್ನು ಹೇಳದೆ ಮೂರನೆಯ ಪೊರೆಯನ್ನೂ ಒಂದು ಭೂತಗನ್ನಡಿಯನ್ನೂ ಅವಳ ಕೈಗೆ ಕೊಟ್ಟೆವು. ಮರುದಿನ ಅವಳು ಚಿತ್ರವೊಂದನ್ನು ಬರೆದುಕೊಂಡು ಬಂದಳು. ಮೆತ್ತಗಿರುವುದು ಭಾರವನ್ನು ಹೊರುವುದಿಲ್ಲ, ಒಂದು ಪುಟದ ಭಾರವನ್ನು ಇನ್ನೊಂದು ಪುಟಕ್ಕೆ ದಾಟಿಸುತ್ತದೆ ಎಂದು ಅದರ ಕೆಳಗೆ ಬರೆದಿದ್ದಳು. ಇದಕ್ಕಿಂತ ಚೆನ್ನಾಗಿ ನಾವೂ ಹೇಳಲಾರೆವು.

ಈ ಹುಡುಗಿಯು ಕಂಡುಕೊಂಡ ಮಾತಿನ ಮೇಲೆಯೇ ಲೋಕದ ಅನೇಕ ಪ್ರಯೋಗಾಲಯಗಳು ಇಂದು ಕೆಲಸಮಾಡುತ್ತಿರುವುವು. ಅಮೆರಿಕದ ಮಿಚಿಗನ್ ವಿಶ್ವವಿದ್ಯಾನಿಲಯದಲ್ಲಿ ನಿಕೋಲಸ್ ಕೊಟೊವ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಜೇಡಿಮಣ್ಣಿನ ನ್ಯಾನೋ ಹಾಳೆಗಳನ್ನೂ ಪಾಲಿವಿನೈಲ್ ಆಲ್ಕೊಹಾಲ್ ಎಂಬ ಪಾಲಿಮರನ್ನೂ ಒಂದಾದ ಮೇಲೊಂದರಂತೆ 300 ಸಾಲುಗಳವರೆಗೆ ಲೇಪಿಸಿ, 2007ರಲ್ಲಿ ಗಾಜಿನಂತೆ ಪಾರದರ್ಶಕವಾದ ಪೊರೆಯೊಂದನ್ನು ಪ್ರಕಟಪಡಿಸಿದರು. ಅದರ ಬಲವು ಮಣ್ಣನ್ನು ಸುಮ್ಮನೆ ಬೆರೆಸಿ ಮಾಡಿದ ಅಂಥವೇ ಪದಾರ್ಥಗಳಿಗಿಂತ ಸುಮಾರು ಹತ್ತು ಪಟ್ಟು. ಆದರೂ ಅದು ಚಿಪ್ಪಿನಂತೆ ಹಿಗ್ಗಿ ತಾಳಲಾರದೆ ಹೋಯಿತೆಂಬುದನ್ನೂ ಹೇಳಬೇಕು. ನಿಧಾನವೂ ಅದರ ಕೊರತೆಯೇ. ಸಾಲಿನ ಮೇಲೆ ಸಾಲು ಹಾಕುವ ಕೆಲಸಕ್ಕೆ ದಿನಗಳೇ ಬೇಕು.

ದೂರದ ಮಾತೇಕೆ? ಬಂಗಾರಪೇಟೆಯಿಂದ ರೈಲಿನಲ್ಲಿ ಸುಮಾರು 70 ಕಿಲೋಮೀಟರು ಹೋದರೆ ಬೆಂಗಳೂರು. ಅಲ್ಲಿಯ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದ ಸಿ. ಎನ್. ಆರ್. ರಾಯರೂ, ಭಾರತೀಯ ವಿಜ್ಞಾನ ಸಂಸ್ಥೆಯ ಯು. ರಾಮಮೂರ್ತಿಯವರೂ, ಅವರ ಮೂವರು ಸಂಗಡಿಗರೂ 2009ರಲ್ಲಿ ಇದೇ ಪಾಲಿವಿನೈಲ್ ಆಲ್ಕೊಹಾಲಿಗೆ ಇಂಗಾಲದ ನ್ಯಾನೋ ರೂಪಗಳನ್ನು ಸೇರಿಸಿ ನೋಡಿದರು. ಕೆಲವೇ ಪದರಗಳುಳ್ಳ ಗ್ರಾಫೀನ್ ಹಾಳೆ, ನ್ಯಾನೋ ವಜ್ರ, ನ್ಯಾನೋ ಕೊಳವೆ, ಇವುಗಳಲ್ಲಿ ಎರಡೆರಡನ್ನು ಜೊತೆಗೂಡಿಸಿದಾಗ, ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ ಬೆರಕೆಯಿಂದಲೇ, ಒಂದೊಂದನ್ನೇ ಸೇರಿಸಿದಾಗ ದೊರೆತುದಕ್ಕಿಂತ ನಾಲ್ಕು ಪಟ್ಟಿನವರೆಗೆ ಹೆಚ್ಚಿನ ಬಿಗುವು ಕಾಠಿನ್ಯಗಳು ಕಂಡುಬಂದುವು. ಆ ಐವರಲ್ಲಿ ಉರ್ಮಿಮಾಲಾ ಮೈತ್ರ ಎಂಬ ಮಹಿಳೆಯೂ ಒಬ್ಬರೆಂಬುದನ್ನು ನಮ್ಮ ಹುಡುಗಿಯರು ಗಮನಿಸಬೇಕು.

ಕಾಗೆಬಂಗಾರಕ್ಕೂ ಒಳ್ಳೆಯ ಕಾಲ ಬಂದಿರುವುದು. ಚೀನಾದೇಶದ ಹೆಫೈ ಪಟ್ಟಣದ ವಿಜ್ಞಾನಿಗಳು 2018ರಲ್ಲಿ, ಅಗ್ಗವಾಗಿ ದೊರೆಯುವ ಪುಡಿ ಕಾಗೆಬಂಗಾರವನ್ನು ತೆಗೆದುಕೊಂಡು, ಪದರಗಳ ನಡುವಣ ಬಂಧವನ್ನು ಸಡಿಲಿಸಿ ನ್ಯಾನೋ ಹಾಳೆಗಳನ್ನಾಗಿ ಬಿಡಿಸಿದರು. ಸಿಗಡಿ ಏಡಿಗಳ ಚಿಪ್ಪಿನಿಂದ ತೆಗೆಯುವ ಕೈಟೋಸಾನ್ ಎಂಬ ಪಾಲಿಮರಿನೊಡನೆ ಆ ಹಾಳೆಗಳನ್ನು ಪದರಗೊಳಿಸಿ ಬಲವಾದ ಪೊರೆಯನ್ನು ಮಾಡಿದರು. 2022ರಲ್ಲಿ ಅದೇ ತಂಡದವರು ಪಾಲಿಇಮೈಡ್ ಎಂಬ ಪಾಲಿಮರಿನೊಡನೆಯೂ ಕಾಗೆಬಂಗಾರವನ್ನು ಕೂಡಿಸಿದರು. ಕೃತಕ ಉಪಗ್ರಹಗಳಿಗೆ ಬಂಗಾರದ ಬಣ್ಣದ ಹೊದಿಕೆಯಿರುವುದನ್ನು ನಾವೆಲ್ಲರೂ ಚಿತ್ರಗಳಲ್ಲಿ ನೋಡಿರುವೆವಷ್ಟೆ. ಅದು ಬಂಗಾರವಲ್ಲ, ಹಳದಿ ಬಣ್ಣದ ಪಾಲಿಇಮೈಡ್ ಪೊರೆಯ ಹಿಂದೆ ಅಲ್ಯೂಮಿನಿಯಮ್ಮಿನ ಲೇಪವಿರುವುದರಿಂದ ಹಾಗೆ ಹೊಳೆಯುವುದು. ಭೂಮಿಗೆ ಸಮೀಪವಾದ ಕಕ್ಷೆಯಲ್ಲಿ ಬಿಡಿಬಿಡಿಯಾದ ಆಮ್ಲಜನಕದ ಪರಮಾಣುಗಳು ಆ ಪೊರೆಯನ್ನು ಸವೆಯಿಸುವುವು. ಆದಕಾರಣ ಆ ವಿಜ್ಞಾನಿಗಳು ಹೊರಮೈಯಲ್ಲಿ ಕಾಗೆಬಂಗಾರವು ದಟ್ಟವಾಗಿರುವಂತೆ ಎರಡು ಪದರದ ಪೊರೆಯನ್ನು ರಚಿಸಿದರು. ಬಂಗಾರದಂತೆ ತೋರುವ ಹೊದಿಕೆಗೆ ಕಾಗೆಬಂಗಾರವು ಕಾವಲಾಯಿತು!

ಆದರೆ ಗಣಿಯ ಊರಿನವರಾದ ನಾವು ಇಲ್ಲಿಗೆ ನಿಲ್ಲುವಂತಿಲ್ಲ. ಯಾವ ಖನಿಜವಾದರೂ ತಾನಾಗಿ ನೆಲದಿಂದ ಎದ್ದುಬರುವುದಿಲ್ಲ. ಜಾರ್ಖಂಡದ ಕೊಡೆರ್ಮಾ, ಗಿರಿಡೀಹ ಪ್ರಾಂತಗಳಲ್ಲಿ ಕಾಗೆಬಂಗಾರದ ಚೂರುಗಳನ್ನು ಆಯುವ ಕೆಲಸದಲ್ಲಿ ಶಾಲೆಯಲ್ಲಿರಬೇಕಾದ ಮಕ್ಕಳೂ ತೊಡಗಿರುವುದು ಮತ್ತೆ ಮತ್ತೆ ಬಯಲಿಗೆ ಬಂದಿರುವುದು. ಕೈಬಿಟ್ಟ ಗಣಿಗಳ ಕುಸಿದ ಬಿಲಗಳಲ್ಲಿ ಪ್ರಾಣವನ್ನು ಕಳೆದುಕೊಂಡ ಮಕ್ಕಳೂ ಉಂಟು. ಅಗ್ಗವೆಂದು ನಾವು ಹೇಳುವ ವಸ್ತುವಿನ ಬೆಲೆಯನ್ನು ಯಾರೋ ತೆತ್ತಿರುವರು. ನಮ್ಮಲ್ಲಿಯೂ ಹಾಗೆಯೇ ಆಯಿತಲ್ಲವೆ? ಬಂಗಾರವು ಹೊರಟುಹೋಯಿತು, ಅರೆದ ಕಲ್ಲಿನ ಪುಡಿಯು ಮೂರು ಕೋಟಿ ಟನ್ನಿಗೂ ಮಿಗಿಲಾಗಿ ದಿಬ್ಬದಿಬ್ಬಗಳಾಗಿ ಇಲ್ಲಿಯೇ ಉಳಿಯಿತು. ಗಾಳಿಯ ದಿನಗಳಲ್ಲಿ ಆ ಸೈನೈಡ್ ದಿಬ್ಬಗಳ ಧೂಳು ಮನೆಮನೆಗೂ ಬರುವುದು. ಕಲ್ಲಿನ ಧೂಳಿನಿಂದ ಎದೆ ಕಟ್ಟಿದ ಮುದುಕರ ಕೆಮ್ಮನ್ನು ಕೇಳಿ ಬೆಳೆದವರು ನಾವು. ಆದ್ದರಿಂದಲೇ ಸೂಜಿಯಿಂದ ಪುಟ ಬಿಡಿಸುವ ಮೊದಲು ನೀರಿನಲ್ಲಿ ನೆನೆಯಿಡಬೇಕೆಂದು ಮಕ್ಕಳಿಗೆ ಮೊತ್ತಮೊದಲು ಹೇಳಿದೆವು. ಹೊಸ ವಿದ್ಯೆಯನ್ನು ಕಲಿಯುವವರು ಆ ವಸ್ತುವು ಎಲ್ಲಿಂದ, ಯಾರ ಕೈಯಿಂದ ಬಂದಿತೆಂಬುದನ್ನೂ ಕೇಳಿ ತಿಳಿಯಬೇಕು. ಈ ಪ್ರಶ್ನೆಯನ್ನು ಕೇಳುವ ಅಧಿಕಾರವು ನಮ್ಮೂರಿನ ಹೆಣ್ಣುಮಕ್ಕಳಿಗೆ ಇತರರಿಗಿಂತ ಹೆಚ್ಚಾಗಿಯೇ ಉಂಟು.

ಚಿತ್ರವನ್ನು ಬರೆದು ತಂದ ಹುಡುಗಿಯ ತಾಯಿಯವರು ಪರೀಕ್ಷೆಗೆ ಎರಡು ತಿಂಗಳಿರುವಾಗ ಶಾಲೆಗೆ ಬಂದರು. ಮಗಳು ಹತ್ತನೆಯ ತರಗತಿಯನ್ನು ಮುಗಿಸಿದೊಡನೆ ಬೆಂಗಳೂರಿನಲ್ಲಿ ಹೊಲಿಗೆಯ ಕೆಲಸಕ್ಕೆ ಸೇರಬೇಕೆಂದು ಮನೆಯಲ್ಲಿ ನಿಶ್ಚಯವಾಗಿತ್ತು. ಆ ತಾಯಿಯವರೂ ಅದೇ ಕೆಲಸಕ್ಕೆ ಮುಂಜಾನೆಯ ರೈಲಿನಲ್ಲಿ ಹೋಗಿ ರಾತ್ರಿ ಹಿಂತಿರುಗುವವರು. ನಾವು ಬೀರುವಿನಿಂದ ಮೂರನೆಯ ಪೊರೆಯನ್ನು ತೆಗೆದು ಅವರ ಕೈಗೆ ಕೊಟ್ಟೆವು. ಬಟ್ಟೆಯ ಹದವನ್ನು ಬಲ್ಲವರಾದ್ದರಿಂದ ಅವರು ಅದನ್ನು ಎರಡು ಹೆಬ್ಬೆರಳುಗಳ ನಡುವೆ ಹಿಡಿದು, ಮೊದಲು ಉದ್ದಕ್ಕೂ ಆಮೇಲೆ ಅಡ್ಡಕ್ಕೂ ಎಳೆದು ನೋಡಿದರು. “ಇದನ್ನು ಓದಿದರೆ ಮಗುವಿಗೆ ಕೆಲಸ ಸಿಕ್ಕುತ್ತದೆಯೆ ಟೀಚರಮ್ಮ?” ಎಂದು ಕೇಳಿದರು. ಸಿಕ್ಕೇ ಸಿಕ್ಕುವುದೆಂದು ನಾವು ಹೇಳಲಿಲ್ಲ. ಪಿ.ಯು.ಸಿ. ಎರಡು ವರ್ಷ, ಬಿ.ಎಸ್‌ಸಿ. ಮೂರು ವರ್ಷ, ಅದರ ಮೇಲೆ ಮತ್ತೆರಡು. ಇಷ್ಟನ್ನು ಕಲಿತರೆ ಪ್ರಯೋಗಾಲಯದ ಬಾಗಿಲವರೆಗೆ ಹೋಗಬಹುದು. ಮುಂದಿನದು ಅವಳ ದುಡಿಮೆ ಎಂದು ಇದ್ದುದನ್ನು ಇದ್ದಂತೆ ತಿಳಿಸಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, “ಎರಡು ವರ್ಷ ನೋಡೋಣ,” ಎಂದರು. ಹುಡುಗಿಯು ಈಗ ಬಂಗಾರಪೇಟೆಯಲ್ಲಿ ಪಿ.ಯು.ಸಿ. ವಿಜ್ಞಾನವನ್ನು ಓದುತ್ತಿರುವಳು.

ಗಣಿಗಳಿಗಾಗಿ 1894ರಲ್ಲಿ ಹಾಕಿದ ರೈಲುದಾರಿಯು ಇಂದಿಗೂ ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲಗಳನ್ನು ದಾಟಿ ಬಂಗಾರಪೇಟೆಯನ್ನು ಸೇರುವುದು. ಅಂದು ಗಣಿಗೆ ಬೇಕಾದ ಸಾಮಾನು ಆ ದಾರಿಯಲ್ಲಿ ಬಂದಿತು. ಇಂದು ನಮ್ಮ ಜನರ ದುಡಿಮೆಯು ಅದೇ ದಾರಿಯಲ್ಲಿ ದಿನವೂ ಹೊರಕ್ಕೆ ಹೋಗುತ್ತಿರುವುದು. ಓದುವುದಕ್ಕೆಂದು ಆ ರೈಲನ್ನು ಹತ್ತುವ ಹುಡುಗಿಯರು ಪ್ರತಿವರ್ಷವೂ ನಾಲ್ಕಾರು ಮಂದಿಯಾದರೂ ಇರಬೇಕೆಂಬುದು ನಮ್ಮ ಆಶೆ. ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ನಿಮ್ಮಲ್ಲಿ ಅನೇಕರು ಬೆಂಗಳೂರಿನಲ್ಲಿಯೂ ಪರದೇಶಗಳಲ್ಲಿಯೂ ಸುಖವಾಗಿರುವಿರಿ. ಒಬ್ಬ ಹುಡುಗಿಯ ರೈಲಿನ ಸೀಸನ್ ಟಿಕೆಟ್ಟಿನ ವೆಚ್ಚವು ನಿಮಗೆ ದೊಡ್ಡದಲ್ಲ. ಅವಳ ಮನೆಯವರಿಗೆ ಅದು ದೊಡ್ಡದು. ಶಾಲೆಯ ಕಚೇರಿಗೆ ಒಂದು ಕಾಗದವನ್ನು ಬರೆದರೆ, ಯಾರಿಗೆ ಬೇಕಾಗಿದೆಯೆಂಬುದನ್ನು ನಾವು ತಿಳಿಸುವೆವು. ಆ ನಾಲ್ಕು ಪೊರೆಗಳನ್ನೂ ಪ್ರಯೋಗಶಾಲೆಯ ಬೀರುವಿನಲ್ಲಿ ಇರಿಸಿದ್ದೇವೆ. ಇತ್ತ ಬಂದಾಗ ತಾವೂ ಅವುಗಳನ್ನು ಕೈಯಲ್ಲಿ ಹಿಡಿದು ಎಳೆದು ನೋಡಬೇಕೆಂದು ಪ್ರಾರ್ಥಿಸುತ್ತೇವೆ.